ಗುಮ್ಮನಿಗೂ ಒಂದು ಮನೆ



ಊಟಕ್ಕೆ ಹಟ ಮಾಡುವ ಮಗುವಿಗೆ ನಮ್ಮಲ್ಲಿ ಗುಮ್ಮನನ್ನು ಕರೆಯುವ ರೂಢಿ ಉಂಟು. ಗುಮ್ಮ ಹೇಗಿರುತ್ತಾನೆ ಎಂದು ಯಾರೂ ಹೇಳುವುದಿಲ್ಲ. ಬಾಗಿಲ ಸಂದಿಯಲ್ಲಿ ಇರುತ್ತಾನೆ, ಕತ್ತಲಲ್ಲಿ ಇರುತ್ತಾನೆ, ಅಷ್ಟೇ. ಮಗು ತುತ್ತು ನುಂಗಿತೋ, ಗುಮ್ಮನ ಕೆಲಸ ಮುಗಿಯಿತು. ಪಾಪ, ಅವನದು ಊಟ ಆಯಿತೇ? ಅವನು ಎಲ್ಲಿ ಮಲಗುತ್ತಾನೆ? ಯಾರೂ ವಿಚಾರಿಸುವುದಿಲ್ಲ.

ವಿಚಾರಿಸಿದ ಒಬ್ಬರ ಬಗ್ಗೆ ಇವತ್ತು ಮಾತಾಡುತ್ತೇನೆ. ಅವರ ಹೆಸರು ತೂವೆ ಯಾನ್ಸನ್. ಊರು ಫಿನ್‌ಲ್ಯಾಂಡ್ ದೇಶದ ಹೆಲ್ಸಿಂಕಿ. 1914ರಲ್ಲಿ ಹುಟ್ಟಿದರು, 2001ರಲ್ಲಿ ತೀರಿಕೊಂಡರು. ಕಸುಬಿನಿಂದ ಚಿತ್ರ ಕಲಾವಿದೆ. ಕಥೆಗಾರ್ತಿ ಆದದ್ದು ಆಮೇಲೆ. ಅವರು ಕಟ್ಟಿದ ಮೂಮಿನ್ ಎಂಬ ಪ್ರಾಣಿಗಳ ಸಂಸಾರದ ಕಥೆ ಇವತ್ತು 50ಕ್ಕೂ ಹೆಚ್ಚು ಭಾಷೆಗಳಲ್ಲಿದೆ.

ಮೂಮಿನ್ ಎಂದರೆ ಏನು? ರೇಡಿಯೋದಲ್ಲಿ ಚಿತ್ರ ತೋರಿಸುವ ಹಾಗಿಲ್ಲ. ಆದ್ದರಿಂದ ಮನಸ್ಸಿನಲ್ಲೇ ಬರೆದುಕೊಳ್ಳಿ. ಬಿಳಿ ಮೈ. ದುಂಡು ಹೊಟ್ಟೆ. ಎರಡೇ ಕಾಲಿನ ಮೇಲೆ ನಿಂತಿದೆ. ಮುಖದ ಮುಕ್ಕಾಲು ಪಾಲು ಮೂತಿ, ನೀರಾನೆಯ ಮೂತಿಯಂಥದ್ದು. ಎರಡು ಚಿಕ್ಕ ಕಿವಿ. ತೆಳ್ಳನೆಯ ಬಾಲ, ತುದಿಯಲ್ಲಿ ಒಂದು ಕುಚ್ಚು. ಬಾಯಿ? ಬಹುಪಾಲು ಚಿತ್ರಗಳಲ್ಲಿ ಬಾಯಿಯೇ ಇಲ್ಲ. ಆದರೂ ಅದು ಬೇಸರದಲ್ಲಿದೆಯೋ ಖುಷಿಯಲ್ಲಿದೆಯೋ ನಮಗೆ ತಕ್ಷಣ ಗೊತ್ತಾಗುತ್ತದೆ. ಕಣ್ಣಿನ ಮೇಲೆ ಒಂದು ಸಣ್ಣ ಗೀರು, ಅದರ ಓರೆ ಒಂದಿಷ್ಟು ಬದಲಾದರೆ ಭಾವ ಬದಲಾಯಿತು. ಇದು ಪಳಗಿದ ವ್ಯಂಗ್ಯಚಿತ್ರಗಾರರ ಕೈಚಳಕ.

ಈ ಮುದ್ದು ಪ್ರಾಣಿ ಹುಟ್ಟುವಾಗ ಮುದ್ದಾಗಿರಲಿಲ್ಲ. ಅದೇ ನನಗೆ ಸ್ವಾರಸ್ಯವಾಗಿ ಕಾಣುವುದು.

ತೂವೆ ಅವರ ತಂದೆ ವಿಕ್ಟರ್ ಶಿಲ್ಪಿ. ತಾಯಿ ಸಿಗ್ನೆ ಚಿತ್ರಕಾರ್ತಿ, ಸ್ವೀಡನ್ನಿನಿಂದ ಬಂದವರು. ತಂದೆಯ ಶಿಲ್ಪಕ್ಕೆ ಗಿರಾಕಿ ಸಿಕ್ಕರೆ ಸಿಕ್ಕ, ಇಲ್ಲದಿದ್ದರೆ ಇಲ್ಲ. ಮನೆ ನಡೆದದ್ದು ಹೆಚ್ಚಾಗಿ ತಾಯಿಯ ಕೈಯಿಂದ. ಪುಸ್ತಕದ ಮುಖಪುಟ, ಪತ್ರಿಕೆಯ ಚಿತ್ರ, ಸರ್ಕಾರದ ಅಂಚೆಚೀಟಿ, ಯಾವುದಕ್ಕೂ ಆಕೆ ಇಲ್ಲ ಎನ್ನಲಿಲ್ಲ. ಫಿನ್‌ಲ್ಯಾಂಡಿನ ಅಂಚೆಚೀಟಿಗಳನ್ನು ದಶಕಗಳ ಕಾಲ ಆಕೆಯೇ ರೂಪಿಸಿದರು. ಆಕೆಯ ಕೆಲಸದ ಮೇಜಿನ ಪಕ್ಕದಲ್ಲಿ ಮಗಳು ಚಿತ್ರ ಬರೆಯಲು ಕಲಿತದ್ದು. ಮನೆಮಾತು ಸ್ವೀಡಿಷ್. ಫಿನ್‌ಲ್ಯಾಂಡಿನಲ್ಲಿ ಅದು ಅಲ್ಪಸಂಖ್ಯಾತರ ಭಾಷೆ. ತೂವೆ ತಮ್ಮ ಪುಸ್ತಕಗಳನ್ನೆಲ್ಲ ಆ ಭಾಷೆಯಲ್ಲೇ ಬರೆದರು.

ಹದಿವಯಸ್ಸಿನಲ್ಲಿ ಕಲೆ ಕಲಿಯಲು ಅವರು ಸ್ಟಾಕ್‌ಹೋಮಿಗೆ ಹೋದರು. ಅಲ್ಲಿ ಸೋದರಮಾವನ ಮನೆಯಲ್ಲಿ ವಾಸ. ರಾತ್ರಿ ಹಸಿವಾದಾಗ ಹುಡುಗಿ ಮೆಲ್ಲಗೆ ಅಡುಗೆಮನೆಗೆ ಹೋಗಿ ತಿಂಡಿ ಕದಿಯುತ್ತಿದ್ದಳು. ಇದನ್ನು ತಪ್ಪಿಸಲು ಮಾವ ಒಂದು ಕಥೆ ಕಟ್ಟಿದರು. ಒಲೆಯ ಹಿಂದೆ ಮೂಮಿನ್ ಇದೆ, ಕದಿಯಲು ಬಂದವರ ಕುತ್ತಿಗೆಗೆ ತಣ್ಣನೆಯ ಉಸಿರು ಬಿಡುತ್ತದೆ ಎಂದರು. ನೋಡಿದಿರಾ, ನಮ್ಮ ಗುಮ್ಮನೇ! ಒಂದು ವ್ಯತ್ಯಾಸ. ನಮ್ಮ ಗುಮ್ಮ ಊಟ ಮಾಡದವರಿಗೆ, ಮಾವನ ಗುಮ್ಮ ಹೆಚ್ಚು ತಿನ್ನುವವರಿಗೆ.

1930ರ ದಶಕದಲ್ಲಿ ತೂವೆ ಬರೆದ ಕೆಲವು ಜಲವರ್ಣ ಚಿತ್ರಗಳಲ್ಲಿ ಈ ಜೀವಿ ಕಾಣಿಸಿಕೊಳ್ಳುತ್ತದೆ. ಆಗ ಅದರ ಮೈ ಕಪ್ಪು. ಕಣ್ಣು ಕೆಂಪು. ಒಂಟಿಯಾಗಿ ನಿಂತಿರುತ್ತದೆ. ಇನ್ನೊಂದು ಪ್ರಸಂಗವೂ ಇದೆ. ಬೇಸಿಗೆಗೆ ಈ ಕುಟುಂಬ ಸಮುದ್ರದ ನಡುವಿನ ದ್ವೀಪಗಳಿಗೆ ಹೋಗುತ್ತಿತ್ತು. ಅಲ್ಲಿ ತಮ್ಮ ಪರ್ ಓಲೋವ್ ಜೊತೆ ಜಗಳ ಬಂತು. ಜಗಳದ ವಿಷಯ ತತ್ವಜ್ಞಾನಿ ಕಾಂಟ್! ವಾದದಲ್ಲಿ ಸೋತ ಅಕ್ಕ ಹೊರಗಿನ ಕಕ್ಕಸಿನ ಗೋಡೆಯ ಮೇಲೆ ತನಗೆ ಹೊಳೆದ ಅತ್ಯಂತ ಕುರೂಪಿ ಪ್ರಾಣಿಯನ್ನು ಗೀಚಿದಳು. ಉದ್ದ ಮೂತಿಯ ಆ ಪ್ರಾಣಿಯೇ ಮುಂದೆ ಲೋಕವೆಲ್ಲ ಎತ್ತಿ ಮುದ್ದಾಡಿದ್ದು.

ಹಾಗಾದರೆ ಇಷ್ಟು ನೆನಪಿಟ್ಟುಕೊಳ್ಳೋಣ. ಮೂಮಿನ್ ಹುಟ್ಟಿದ್ದು ಎರಡು ಸಲ. ಒಂದು ಸಲ ಹೆದರಿಸುವುದಕ್ಕೆ, ಇನ್ನೊಂದು ಸಲ ಸಿಟ್ಟು ತೀರಿಸುವುದಕ್ಕೆ. ಇದು ಸಂಸಾರವಂದಿಗ ಪ್ರಾಣಿ ಆದದ್ದು ಹೇಗೆ? ಅದಕ್ಕೆ ಯುದ್ಧದ ಮಾತು ಹೇಳಬೇಕು.

ತೂವೆ ಅವರಿಗೆ ಯುದ್ಧ ಎಳವೆಯಿಂದಲೇ ಗೊತ್ತು. ಅವರು ಹುಟ್ಟಿದಾಗ ಫಿನ್‌ಲ್ಯಾಂಡ್ ರಷ್ಯಾದ ಚಕ್ರವರ್ತಿಯ ಕೈಕೆಳಗಿತ್ತು. 1917ರಲ್ಲಿ ಸ್ವಾತಂತ್ರ್ಯ ಬಂತು. ಮರುವರ್ಷವೇ ದೇಶದೊಳಗೆ ಅಂತರ್ಯುದ್ಧ. ತಂದೆ ಅದರಲ್ಲಿ ಹೋರಾಡಿದರು. ಹೋದ ಮನುಷ್ಯ ಬೇರೆ, ಹಿಂದಿರುಗಿದ ಮನುಷ್ಯ ಬೇರೆ. ಅವರಿಗೆ ಬಿರುಗಾಳಿ ಎಂದರೆ ಹಬ್ಬ. ಊರಲ್ಲಿ ಎಲ್ಲಾದರೂ ಬೆಂಕಿ ಬಿದ್ದರೆ ಮಲಗಿದ ಮಕ್ಕಳನ್ನು ಎಬ್ಬಿಸಿ ನೋಡಲು ಕರೆದುಕೊಂಡು ಹೋಗುತ್ತಿದ್ದರಂತೆ. ಅಪಾಯ ಹತ್ತಿರ ಬಂದಾಗ ಮಾತ್ರ ಗೆಲುವಾಗುವ ಅಪ್ಪ. ಇಂಥ ಮನೆಯ ಮಗುವಿಗೆ ಭಯವೂ ಸಂಭ್ರಮವೂ ಒಂದೇ ತಟ್ಟೆಯಲ್ಲಿ ಸಿಗುತ್ತದೆ. ಮುಂದೆ ಬರೆದ ಕಥೆಗಳಲ್ಲಿ ಪ್ರವಾಹ ಬಂದಾಗ, ಮನೆ ಮುಳುಗಿದಾಗ, ಮೂಮಿನ್ ಮಕ್ಕಳು ಹೆದರುವುದರ ಜೊತೆಗೆ ಒಳಗೊಳಗೇ ಕುಣಿಯುತ್ತವೆ. ಅದರ ಮೂಲ ಇಲ್ಲಿದೆ.

15ನೆಯ ವಯಸ್ಸಿಗೇ ತೂವೆ ಅವರ ಚಿತ್ರ ಗಾರ್ಮ್ ಎಂಬ ವಿಡಂಬನಾ ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿಂದ 1953ರವರೆಗೆ ಆ ಪತ್ರಿಕೆಗೆ ನೂರರಷ್ಟು ಮುಖಪುಟ, ನೂರಾರು ವ್ಯಂಗ್ಯಚಿತ್ರ ಬರೆದುಕೊಟ್ಟರು. ಒಂದು ಚಿತ್ರವನ್ನಂತೂ ಹೇಳಲೇಬೇಕು. 1938ರದ್ದು. ಹಿಟ್ಲರ್ ಅದರಲ್ಲಿ ರಚ್ಚೆ ಹಿಡಿದ ಮಗು. ಇನ್ನೂ ಕೇಕು ಬೇಕು ಎಂದು ಅರಚುತ್ತಿದೆ. ಸುತ್ತ ನಿಂತ ದೊಡ್ಡವರು ಒಂದೊಂದೇ ತಟ್ಟೆ ನೀಡುತ್ತಿದ್ದಾರೆ. ಯುರೋಪನ್ನೇ ಹೆದರಿಸುತ್ತಿದ್ದವನನ್ನು 24ರ ತರುಣಿ ಚಡ್ಡಿ ಹಾಕಿದ ಮಗುವಾಗಿ ಕೂರಿಸಿಬಿಟ್ಟರು. ಯುದ್ಧದ ವರ್ಷಗಳಲ್ಲಿ ಇದೇ ಪತ್ರಿಕೆಯ ಚಿತ್ರಗಳ ಮೂಲೆಯಲ್ಲಿ, ಸಹಿಯ ಪಕ್ಕ, ಮೂತಿಯ ಪ್ರಾಣಿ ಇಣುಕತೊಡಗಿತು. ಇರುವೆಯಷ್ಟು ಚಿಕ್ಕದು. ಮುಖ ಗಂಟಿಕ್ಕಿಕೊಂಡಿತ್ತು.

1939ರ ನವೆಂಬರಿನ ಕೊನೆಗೆ ಸೋವಿಯತ್ ಸೈನ್ಯ ಫಿನ್‌ಲ್ಯಾಂಡಿನ ಮೇಲೆ ಬಿತ್ತು. ಹೆಲ್ಸಿಂಕಿಯ ಮೇಲೆ ಬಾಂಬು ಬಿದ್ದವು. ತಮ್ಮ ಯುದ್ಧಕ್ಕೆ ಹೋದ. ಕೆಲವು ವರ್ಷಗಳಲ್ಲಿ ಯಹೂದಿ ಗೆಳತಿ ಈವಾ ಕೊನಿಕೋಫ್ ಅಮೆರಿಕಕ್ಕೆ ಹೊರಟುಹೋದರು. ತಂದೆಗೆ ಜರ್ಮನಿಯ ಕಡೆ ಒಲವು, ಮಗಳಿಗೆ ಅದನ್ನು ಕಂಡರೆ ಆಗದು. ಊಟದ ಮೇಜಿನಲ್ಲೂ ಯುದ್ಧ. ಬಣ್ಣ ಹಚ್ಚುವುದಕ್ಕೆ ಅರ್ಥವೇ ಇಲ್ಲ ಎನಿಸಿತು ಅವರಿಗೆ. ಕುಂಚ ಕೆಳಗಿಟ್ಟರು. ಆ ಚಳಿಗಾಲದಲ್ಲಿ ಒಂದು ಕಥೆ ಶುರು ಮಾಡಿದರು. ರಾಜಕುಮಾರ ಬೇಡ, ರಾಜಕುಮಾರಿ ಬೇಡ. ಸಿಟ್ಟಿನ ಆ ಪುಟ್ಟ ಪ್ರಾಣಿಯನ್ನೇ ಕಥೆಗೆ ಎಳೆದುಕೊಂಡರು. ಅರ್ಧಕ್ಕೆ ಬಿಟ್ಟರು. 1945ರಲ್ಲಿ ಗೆಳೆಯರೊಬ್ಬರು ಹೇಳಿದರೆಂದು ಮುಗಿಸಿ, ಚಿತ್ರ ಹಾಕಿ, ಅಚ್ಚಿಗೆ ಕೊಟ್ಟರು. 50 ಪುಟ ತುಂಬದ ತೆಳು ಪುಸ್ತಕ. ಗೂಡಂಗಡಿಗಳಲ್ಲಿ ಮಾರಿದರು. ಹೆಚ್ಚು ಯಾರೂ ಕೊಳ್ಳಲಿಲ್ಲ.

ಅದರ ಕಥೆ ಇಷ್ಟು. ಒಬ್ಬ ತಾಯಿ, ಒಂದು ಮಗು. ಚಳಿಗಾಲ ಬರುವುದರೊಳಗೆ ಮನೆ ಕಟ್ಟಲು ಬೆಚ್ಚಗಿನ ಜಾಗ ಬೇಕು. ಕಾಣೆಯಾದ ಅಪ್ಪನೂ ಸಿಗಬೇಕು. ಕತ್ತಲ ಕಾಡಿನಲ್ಲಿ ನಡೆಯುತ್ತಾರೆ. ದಾರಿಯಲ್ಲಿ ಒಂದು ಹೆದರಿದ ಪುಟ್ಟ ಪ್ರಾಣಿ ಸಿಗುತ್ತದೆ. ಬಾ ಎಂದು ಕರೆದುಕೊಳ್ಳುತ್ತಾರೆ. ಆಮೇಲೆ ಮಹಾಪೂರ. ಕೊನೆಗೆ ಮರದ ಮೇಲೆ ಕುಳಿತ ಅಪ್ಪ ಸಿಗುತ್ತಾನೆ. ಅವನು ಕಟ್ಟಿದ್ದ ಮನೆ ನೀರಿನಲ್ಲಿ ತೇಲಿ ಒಂದು ಚೆಲುವಾದ ಕಣಿವೆಗೆ ಬಂದು ನಿಂತಿರುತ್ತದೆ. ಈಗ ಹೊರಗಿನ ಲೋಕ ನೋಡಿ. ಆ ಯುದ್ಧದಲ್ಲಿ ಫಿನ್‌ಲ್ಯಾಂಡ್ ತನ್ನ ಪೂರ್ವದ ಕರೇಲಿಯಾ ಪ್ರಾಂತ್ಯದ ಬಹುಭಾಗ ಕಳೆದುಕೊಂಡಿತು. ಸುಮಾರು 4 ಲಕ್ಷ ಜನ ಗಂಟುಮೂಟೆ ಕಟ್ಟಿಕೊಂಡು ಹೊಸ ಊರು ಹುಡುಕಿದರು. ಆ ವರ್ಷ ಆ ದೇಶದಲ್ಲಿ ಮನೆ ಹುಡುಕುತ್ತ ನಡೆಯುವ ತಾಯಿ ಮಗು ಕಲ್ಪನೆಯ ಮಾತಾಗಿರಲಿಲ್ಲ.

ಮೂಮಿನ್ ಮನೆಯ ಆಕಾರವನ್ನೂ ಹೇಳಿಬಿಡುತ್ತೇನೆ. ಎತ್ತರ, ದುಂಡು, ಗೋಪುರದ ಹಾಗೆ. ಆ ಚಳಿ ದೇಶದ ಹಳೆಯ ಮನೆಗಳಲ್ಲಿ ಹೆಂಚುಬಿಲ್ಲೆ ಹಚ್ಚಿದ ಎತ್ತರದ ಒಲೆ ಇರುತ್ತದೆ, ಕೋಣೆ ಬಿಸಿಮಾಡಲು. ಮೂಮಿನ್ ಪೂರ್ವಜರು ಮನುಷ್ಯರ ಮನೆಗಳಲ್ಲಿ ಆ ಒಲೆಗಳ ಹಿಂದೆ ವಾಸವಿದ್ದರಂತೆ. ಮಾವ ಹೇಳಿದ ಜಾಗವೇ! ಒಲೆಯ ಹಿಂದಿನ ಗುಮ್ಮನಿಗೆ ತೂವೆ ಒಲೆಯ ಆಕಾರದ್ದೇ ಒಂದು ಮನೆ ಕಟ್ಟಿಕೊಟ್ಟರು.

ಎರಡನೆಯ ಪುಸ್ತಕ 1946ರದ್ದು. ಅದರಲ್ಲಿ ಆಕಾಶದಿಂದ ಧೂಮಕೇತು ಬರುತ್ತಿದೆ. ಹಿಂದಿನ ವರ್ಷವಷ್ಟೇ ಹಿರೋಷಿಮಾ ಆಗಿತ್ತು ಎಂದು ನೆನಪಿಸಿಕೊಂಡು ಓದಿದರೆ ಮೈ ಝುಮ್ಮೆನ್ನುತ್ತದೆ. ಒಬ್ಬ ತತ್ವಜ್ಞಾನಿ ಪ್ರಾಣಿ ಬಂದು ಲೋಕ ಮುಗಿಯಿತು ಎಂದು ಮಕ್ಕಳ ಮುಂದೆಯೇ ಹೇಳಿಬಿಡುತ್ತಾನೆ. ಮಕ್ಕಳಿಗೆ ಆಟ ಬೇಡವಾಗುತ್ತದೆ. ಆಗ ಅಪ್ಪ ಅಮ್ಮ ಏನು ಮಾಡುತ್ತಾರೆ? ಏನೂ ಆಗುವುದಿಲ್ಲ ಮಲಗಿಕೊಳ್ಳಿ ಎನ್ನುವುದಿಲ್ಲ. ಬುತ್ತಿ ಕಟ್ಟಿಕೊಟ್ಟು, ಹೋಗಿ, ದೂರದ ವೀಕ್ಷಣಾಲಯದಲ್ಲಿ ವಿಚಾರಿಸಿಕೊಂಡು ಬನ್ನಿ ಎಂದು ಕಳುಹಿಸುತ್ತಾರೆ. ಭಯಪಟ್ಟ ಮಗುವಿನ ಕೈಗೆ ಒಂದು ಕೆಲಸ. ವೀಕ್ಷಣಾಲಯದ ಪಂಡಿತರು ಧೂಮಕೇತು ಬೀಳುವ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಹೇಳುತ್ತಾರೆ. ಬಿದ್ದರೆ ಏನಾಗುತ್ತದೆ ಎಂದು ಕೇಳಿದರೆ, ಅದು ಅವರ ವಿಷಯವಲ್ಲ. ಇಂಥ ಪಂಡಿತರನ್ನು ನಾವೂ ಕಂಡಿದ್ದೇವೆ.

ಇಲ್ಲಿಯವರೆಗಿನ ಮಾತು ಇಷ್ಟು. ಯುದ್ಧ, ಪ್ರವಾಹ, ಧೂಮಕೇತು, ಯಾವ ಭಯವನ್ನೂ ತೂವೆ ಮಕ್ಕಳಿಂದ ಮುಚ್ಚಿಡಲಿಲ್ಲ. ಮುಚ್ಚಿಡುವ ಬದಲು ಪಕ್ಕದಲ್ಲಿ ಒಬ್ಬ ಅಮ್ಮನನ್ನು ಕೂರಿಸಿದರು. ಆ ಅಮ್ಮನ ಕೈಯಲ್ಲಿ ಸದಾ ಒಂದು ಕೈಚೀಲ. ಅದರಲ್ಲಿ ಒಣಗಿದ ಕಾಲುಚೀಲ, ಹೊಟ್ಟೆನೋವಿನ ಪುಡಿ, ಮಿಠಾಯಿ. ತೂವೆ ತಮ್ಮ ತಾಯಿಯನ್ನೇ ನೋಡಿ ಆಕೆಯನ್ನು ರೂಪಿಸಿದರು.

ಮುಂದಿನ ಮಾತು ಒಂದು ಪೆಟ್ಟಿಗೆಯದು.

1948ರಲ್ಲಿ ಬಂದ ಮೂರನೆಯ ಪುಸ್ತಕ ಮಂತ್ರವಾದಿಯ ಟೋಪಿಯ ಕಥೆ. ಇಂಗ್ಲಿಷಿಗೆ ಹೋಗಿ ಹೆಸರು ತಂದುಕೊಟ್ಟದ್ದು ಇದು. ಇದರಲ್ಲಿ ಎರಡು ಪುಟಾಣಿ ಜೀವಿಗಳು ಕೈ ಕೈ ಹಿಡಿದುಕೊಂಡು ಮೂಮಿನ್ ಮನೆಗೆ ಬರುತ್ತವೆ. ತೊಫ್ಸ್ಲಾನ್, ವಿಫ್ಸ್ಲಾನ್ ಎಂದು ಹೆಸರು. ಅವು ಆಡುವ ಭಾಷೆ ಅವುಗಳದ್ದೇ. ಒಂದು ಪೆಟ್ಟಿಗೆ ತಂದಿವೆ, ಯಾರಿಗೂ ತೋರಿಸುವುದಿಲ್ಲ. ಒಳಗೆ ಒಂದು ಮಹಾ ಮಾಣಿಕ್ಯ. ಆ ಕಾಲದಲ್ಲಿ ತೂವೆ, ರಂಗ ನಿರ್ದೇಶಕಿ ವಿವಿಕಾ ಬಾಂಡ್ಲರ್ ಎಂಬವರನ್ನು ಪ್ರೀತಿಸಿದ್ದರು. ಹೆಣ್ಣು ಹೆಣ್ಣನ್ನು ಪ್ರೀತಿಸುವುದು ಫಿನ್‌ಲ್ಯಾಂಡಿನಲ್ಲಿ ಆಗ ಅಪರಾಧ. 1971ರವರೆಗೂ ಆ ಕಾನೂನು ಇತ್ತು. ಮುಚ್ಚಿದ ಪೆಟ್ಟಿಗೆಯ ಮಾಣಿಕ್ಯ ಏನೆಂದು ಮಕ್ಕಳಿಗೆ ತಿಳಿಯಬೇಕಾಗಿಲ್ಲ. ಆದರೆ ಗುಟ್ಟು ಕಾಯುವ ಪುಟಾಣಿಗಳ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎನ್ನುವುದು ಮಕ್ಕಳಿಗೆ ಚೆನ್ನಾಗಿ ಗೊತ್ತು.

ಆ ಪೆಟ್ಟಿಗೆಯ ಬೆನ್ನು ಹತ್ತಿ ಬರುತ್ತಾಳೆ ಗ್ರೋಕ್. ಈಕೆ ಈ ಕಥೆಗಳ ನಿಜವಾದ ಗುಮ್ಮ. ಆಕಾರ ಹೇಳುತ್ತೇನೆ. ಒಂದು ಕಪ್ಪು ಗುಡ್ಡ. ಮೇಲೆ ಎರಡು ದುಂಡು ಕಣ್ಣು, ರೆಪ್ಪೆ ಹೊಡೆಯದೆ ನೋಡುತ್ತವೆ. ಕೆಳಗೆ ಸಾಲು ಹಲ್ಲು. ಕಾಲು ಕಾಣಿಸುವುದಿಲ್ಲ, ಜಾರಿಕೊಂಡು ಬರುತ್ತಾಳೆ. ಅವಳು ಕುಳಿತ ನೆಲ ಹಿಮಗಟ್ಟುತ್ತದೆ. ಹುಲ್ಲು ಸಾಯುತ್ತದೆ. ಈ ಪುಸ್ತಕದಲ್ಲಿ ಮೂಮಿನ್ ಮನೆಯವರು ಅವಳನ್ನು ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಒಂದು ನ್ಯಾಯಪಂಚಾಯಿತಿ ನಡೆಸಿ, ಪೆಟ್ಟಿಗೆಯ ಮಾಣಿಕ್ಯಕ್ಕೆ ಬದಲಾಗಿ ಮಂತ್ರವಾದಿಯ ಟೋಪಿ ಕೊಟ್ಟು ಕಳುಹಿಸುತ್ತಾರೆ. ಅವಳು ಹೋದಳಲ್ಲ, ಸದ್ಯ ಎಂದು ನಿಟ್ಟುಸಿರು. 1948ರಲ್ಲಿ ಅಷ್ಟೇ. ಆದರೆ ಗ್ರೋಕ್ ಮತ್ತೆ ಬರುತ್ತಾಳೆ. ಅವಳನ್ನು ನೆನಪಿನಲ್ಲಿಡಿ.

ಈಗ ತೂವೆ ಅವರ ಬದುಕಿನ ಕಡೆ ಒಂದು ಸುತ್ತು ಬೇಗ ಹೋಗಿಬರೋಣ. 1954ರಲ್ಲಿ ಲಂಡನ್ನಿನ ಈವ್ನಿಂಗ್ ನ್ಯೂಸ್ ಪತ್ರಿಕೆಯಲ್ಲಿ ಮೂಮಿನ್ ಚಿತ್ರಕಥೆ ದಿನವೂ ಬರತೊಡಗಿತು. ಕೆಲವೇ ವರ್ಷಗಳಲ್ಲಿ 40 ದೇಶಗಳ ನೂರಕ್ಕೂ ಹೆಚ್ಚು ಪತ್ರಿಕೆಗಳಿಗೆ ಹರಡಿತು. ಓದುಗರು 2 ಕೋಟಿ ಎಂದು ಅಂದಾಜು. ದುಡ್ಡು ಬಂತು. ಹೆಸರು ಬಂತು. ಬೊಂಬೆ, ಬಟ್ಟಲು, ಪರದೆ ಬಟ್ಟೆ ಎಲ್ಲದರ ಮೇಲೂ ಮೂಮಿನ್ ಬಂತು. ಚಿತ್ರ ಬರೆಯುವ ಸಮಯ ಹೋಯಿತು. ಅವರಿಗೆ ಬೇಕಾಗಿದ್ದದ್ದು ಚಿತ್ರಕಾರ್ತಿ ಎಂಬ ಹೆಸರು. ಹೆಲ್ಸಿಂಕಿ ನಗರಸಭೆಯ ಊಟದ ಮನೆಗೆ 1947ರಲ್ಲಿ ಅವರು ಬರೆದ ದೊಡ್ಡ ಭಿತ್ತಿಚಿತ್ರಗಳಿವೆ, ಇವತ್ತೂ ನೋಡಬಹುದು. ಜನ ಮಾತ್ರ ಅದರ ಮುಂದೆ ನಿಂತು, ಒಂದು ಮೂಲೆಯಲ್ಲಿ ಅಡಗಿಸಿದ ಚೋಟುದ್ದದ ಮೂಮಿನ್ ಎಲ್ಲಿದೆ ಎಂದು ಹುಡುಕುತ್ತಾರೆ. ಪತ್ರಿಕೆಯ ಚಿತ್ರಕಥೆಯ ಏಳು ವರ್ಷದ ಕರಾರು ಮುಗಿಯುವ ಹೊತ್ತಿಗೆ ಅವರಿಗೆ ತಾವು ಸೃಷ್ಟಿಸಿದ ಪ್ರಾಣಿಯನ್ನು ಕಂಡರೇ ಆಗದು ಎಂಬ ಸ್ಥಿತಿ. ಕೆಲಸವನ್ನು ಕಿರಿಯ ತಮ್ಮ ಲಾರ್ಸ್‌ಗೆ ಒಪ್ಪಿಸಿದರು. ಆತ 1975ರವರೆಗೆ ನಡೆಸಿದ.

ಈ ದಣಿವಿನ ನಡುವೆ, 1955ರ ಕ್ರಿಸ್‌ಮಸ್ ಹೊತ್ತಿನ ಕಲಾವಿದರ ಕೂಟವೊಂದರಲ್ಲಿ ತೂಲಿಕ್ಕಿ ಪಿಯೆಟಿಲಾ ಸಿಕ್ಕರು. ಅಚ್ಚುಚಿತ್ರ ಕಲಾವಿದೆ. ನಿಧಾನದ ಮನುಷ್ಯೆ. ಕೈಯಲ್ಲಿ ಯಾವಾಗಲೂ ಏನಾದರೂ ಉಪಕರಣ. ಅಲ್ಲಿಂದ ಸುಮಾರು 45 ವರ್ಷ ಇಬ್ಬರೂ ಜೊತೆಗಿದ್ದರು. ಹೆಲ್ಸಿಂಕಿಯಲ್ಲಿ ಅವರ ಚಿತ್ರಶಾಲೆಗಳು ಬೇರೆ ಬೇರೆ. ನಡುವೆ ಅಟ್ಟದ ಮೇಲಿನ ಒಂದು ಓಣಿ. ನನಗೆ ಈ ಏರ್ಪಾಡು ಬಹಳ ಹಿಡಿಸಿತು.

ತೂಲಿಕ್ಕಿ 1957ರ ಚಳಿಗಾಲದ ಪುಸ್ತಕದಲ್ಲಿ ಟೂ-ಟಿಕಿ ಎಂಬ ಹೆಸರಿನಲ್ಲಿ ಬರುತ್ತಾರೆ. ಮೂಮಿನ್‌ಗಳು ನವೆಂಬರಿನಲ್ಲಿ ಮಲಗಿ ಏಪ್ರಿಲಿನಲ್ಲಿ ಏಳುವ ಜಾತಿ. ಒಂದು ವರ್ಷ ಮೂಮಿನ್ ಮರಿಗೆ ನಡು ಚಳಿಗಾಲದಲ್ಲಿ ಎಚ್ಚರವಾಗುತ್ತದೆ. ಅಮ್ಮನನ್ನು ಅಲುಗಿಸಿದರೆ ಏಳುವುದಿಲ್ಲ. ಹೊರಗೆ ಹೋದರೆ ಸೂರ್ಯ ಇಲ್ಲ. ಉತ್ತರದ ಆ ದೇಶದಲ್ಲಿ ಚಳಿಗಾಲದ ಹಗಲು ಐದಾರು ಗಂಟೆ, ಇನ್ನೂ ಮೇಲೆ ಹೋದರೆ ವಾರಗಟ್ಟಲೆ ಸೂರ್ಯನ ಮುಖವೇ ಇಲ್ಲ. ಈ ಪುಸ್ತಕದ ಕೆಲವು ಚಿತ್ರಗಳನ್ನು ತೂವೆ ಬೇರೆ ರೀತಿ ಮಾಡಿದರು. ಹಲಗೆಗೆ ಮೊದಲು ಕಪ್ಪು ಬಳಿದು, ಆಮೇಲೆ ಮೊನೆಯಿಂದ ಕೆರೆದು ಬೆಳಕನ್ನು ಹೊರತೆಗೆಯುವ ಕ್ರಮ. ಕತ್ತಲು ಮೊದಲೇ ಅಲ್ಲಿದೆ, ಬೆಳಕನ್ನು ಗೀರು ಗೀರಾಗಿ ದುಡಿದು ಪಡೆಯಬೇಕು. ಟೂ-ಟಿಕಿ ಮರಿಗೆ ಸಮಾಧಾನ ಹೇಳುವುದಿಲ್ಲ. ಮೀನಿನ ಸಾರು ಮಾಡುತ್ತಾಳೆ, ಹಾಡುತ್ತಾಳೆ, ಕಲಿಯುವುದನ್ನು ನೀನೇ ಕಲಿ ಎಂದು ಬಿಟ್ಟುಬಿಡುತ್ತಾಳೆ.

ಇಲ್ಲಿ ಗ್ರೋಕ್ ಮತ್ತೆ ಬರುತ್ತಾಳೆ. ಚಳಿಗಾಲದ ಜೀವಿಗಳೆಲ್ಲ ಸೇರಿ ದೊಡ್ಡ ಬೆಂಕಿ ಹಾಕಿರುತ್ತವೆ. ಕತ್ತಲಿನಿಂದ ಜಾರಿಕೊಂಡು ಬಂದವಳೇ ಬೆಂಕಿಯ ಮೇಲೆ ಕುಳಿತುಬಿಡುತ್ತಾಳೆ. ಚುಯ್ ಎಂದು ಬೆಂಕಿ ಆರುತ್ತದೆ. ಬೆಂಕಿ ಆರಿಸಲು ಬಂದಳು ಎಂದು ಮರಿಗೆ ಸಿಟ್ಟು. ಟೂ-ಟಿಕಿ ತಿದ್ದುತ್ತಾಳೆ. ಅವಳು ಬಂದದ್ದು ಚಳಿ ಕಾಯಿಸಿಕೊಳ್ಳಲು, ಏನು ಮಾಡುವುದು, ಅವಳು ಮುಟ್ಟಿದ್ದೆಲ್ಲ ಆರಿಹೋಗುತ್ತದೆ ಎನ್ನುತ್ತಾಳೆ. ಒಂಬತ್ತು ವರ್ಷದ ಹಿಂದೆ ಇವಳನ್ನು ಓಡಿಸಿ ನಿಟ್ಟುಸಿರು ಬಿಟ್ಟಿದ್ದೆವು. ಈಗ ಮೊದಲ ಸಲ ಅವಳ ಕಡೆಯ ಮಾತು ಕೇಳಿದೆವು.

ಗ್ರೋಕ್‌ಳನ್ನು ಅಲ್ಲೇ ಬಿಟ್ಟು ಒಂದು ಚಿಕ್ಕ ಹುಡುಗಿಯನ್ನು ನೋಡೋಣ. ನೋಡೋಣ ಎಂದೆ, ಆದರೆ ಅವಳು ಕಾಣಿಸುವುದಿಲ್ಲ. 1962ರ ಕಥಾಸಂಕಲನದಲ್ಲಿರುವ ಕಾಣದ ಮಗುವಿನ ಕಥೆ ಇದು. ನನ್ನ ಕೇಳಿದರೆ ತೂವೆ ಬರೆದುದರಲ್ಲೆಲ್ಲ ಶ್ರೇಷ್ಠವಾದದ್ದು ಇದೇ.

ಮಳೆ ಸುರಿಯುವ ಸಂಜೆ. ಮನೆಮಂದಿ ಮೇಜಿನ ಸುತ್ತ ಅಣಬೆ ಶುಚಿ ಮಾಡುತ್ತಿದ್ದಾರೆ. ಟೂ-ಟಿಕಿ ಬಾಗಿಲು ತೆರೆದು ಬರುತ್ತಾಳೆ. ನಿನ್ನಿಯನ್ನು ಕರೆತಂದಿದ್ದೇನೆ ಎನ್ನುತ್ತಾಳೆ. ಬಾಗಿಲಲ್ಲಿ ಯಾರೂ ಇಲ್ಲ. ನಿನ್ನಿಯನ್ನು ಸಾಕುತ್ತಿದ್ದ ಹೆಂಗಸು ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಕೊಂಕು ಮಾತಾಡುತ್ತಿದ್ದಳು. ತಣ್ಣಗೆ, ನಯವಾಗಿ, ದಿನವಿಡೀ. ಮಗು ಬೆಳ್ಳಗಾಯಿತು, ಮಸುಕಾಯಿತು, ಒಂದು ದಿನ ಕಾಣಿಸದೇ ಹೋಯಿತು. ಎಲ್ಲಿದ್ದಾಳೆಂದು ತಿಳಿಯಲು ಕುತ್ತಿಗೆಗೆ ಒಂದು ಪುಟ್ಟ ಗಂಟೆ ಕಟ್ಟಿದ್ದಾರೆ. ಗಂಟೆಯ ಸದ್ದು ಮೆಟ್ಟಿಲು ಹತ್ತುತ್ತದೆ. ಗಂಟೆಯ ಸದ್ದು ಮೂಲೆಯಲ್ಲಿ ನಿಲ್ಲುತ್ತದೆ. ರೇಡಿಯೋದಲ್ಲಿ ಕೆಲಸ ಮಾಡುವ ನಾವು ಇದನ್ನು ಬೇಗ ಒಪ್ಪಿಕೊಳ್ಳುತ್ತೇವೆ, ಕಾಣದವರು ಇಲ್ಲದವರಲ್ಲ.

ಮೂಮಿನ್ ಅಮ್ಮ ಏನು ಮಾಡುತ್ತಾಳೆ? ನಿನಗೇನಾಯಿತು ಎಂದು ಕೇಳುವುದಿಲ್ಲ. ಹಾಸಿಗೆ ಹಾಸಿ, ಪಕ್ಕದಲ್ಲಿ ಸೇಬು, ಪಾನಕ, ಮಿಠಾಯಿ ಇಡುತ್ತಾಳೆ. ಅಜ್ಜಿಯ ಮನೆಮದ್ದಿನ ಪುಸ್ತಕ ತೆರೆಯುತ್ತಾಳೆ. ಮಂಜಾಗಿ ಕಾಣದಂತಾಗುವವರಿಗೂ ಅದರಲ್ಲಿ ಮದ್ದುಂಟು! ಮರುದಿನ ಬೆಳಗ್ಗೆ ಎರಡು ಪುಟ್ಟ ಪಾದಗಳು ಮೆಟ್ಟಿಲಿಳಿದು ಬರುತ್ತವೆ. ಪಾದಗಳು ಮಾತ್ರ. ಅಮ್ಮ ತನ್ನ ಹಳೆಯ ಶಾಲು ಕತ್ತರಿಸಿ ಫ್ರಾಕು ಹೊಲಿಯುತ್ತಾಳೆ. ಒಂದು ದಿನ ನಿನ್ನಿಯ ಕೈಜಾರಿ ಜಾಮಿನ ಜಾಡಿ ಒಡೆಯುತ್ತದೆ. ಕಾಣತೊಡಗಿದ್ದ ಕಾಲು ಮತ್ತೆ ಮಸುಕು. ಅಮ್ಮ ಹೇಳುತ್ತಾಳೆ, ಅದು ದುಂಬಿಗಳಿಗೆಂದೇ ಇಟ್ಟಿದ್ದ ಜಾಡಿ, ಹೊತ್ತುಕೊಂಡು ಹೋಗುವುದು ತಪ್ಪಿತು. ಇಷ್ಟು ಚೆಂದದ ಸುಳ್ಳನ್ನು ನಾನು ಬೇರೆ ಯಾವ ಮಕ್ಕಳ ಕಥೆಯಲ್ಲೂ ಓದಿಲ್ಲ.

ಆದರೆ ಮುಖ ಬರುವುದಿಲ್ಲ. ಇಲ್ಲಿ ತೂವೆ ಬೇರೆಯವರಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪ್ರೀತಿಯೊಂದೇ ಸಾಕು ಎನ್ನುವ ಕಥೆಗಾರರು ಇಲ್ಲೇ ಮುಖ ತರಿಸಿ ಮುಗಿಸುತ್ತಿದ್ದರು. ನಿನ್ನಿ ವಿಧೇಯ ಮಗು. ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾಳೆ. ಆಡಲು ಕರೆದರೆ ಆಡುತ್ತಾಳೆ, ಆಟ ಬರುವುದಿಲ್ಲ. ಮೋಟುದ್ದದ ಜಗಳಗಂಟಿ ಲಿಟಲ್ ಮೈ ಒಂದು ದಿನ ಹೇಳಿಯೇಬಿಡುತ್ತಾಳೆ, ನಿನಗೆ ಸಿಟ್ಟು ಬರುವುದಿಲ್ಲ, ಜಗಳ ಕಲಿಯುವವರೆಗೆ ನಿನಗೆ ಮುಖ ಬರುವುದಿಲ್ಲ. ಆಮೇಲೆ ಎಲ್ಲರೂ ಸಮುದ್ರ ತೀರಕ್ಕೆ ಹೋಗುತ್ತಾರೆ. ನಿನ್ನಿ ಅಷ್ಟು ದೊಡ್ಡ ನೀರು ಕಂಡವಳಲ್ಲ, ಹೆದರಿ ಅಳುತ್ತಾಳೆ. ದೋಣಿಕಟ್ಟೆಯ ಮೇಲೆ ಕುಳಿತ ಅಮ್ಮನನ್ನು ಮೂಮಿನ್ ಅಪ್ಪ ತಮಾಷೆಗೆ ಹಿಂದಿನಿಂದ ನೀರಿಗೆ ತಳ್ಳುವವನಂತೆ ಮಾಡುತ್ತಾನೆ. ಅಷ್ಟರಲ್ಲಿ ಏನೋ ಬಾಣದಂತೆ ಹಾರಿ ಬಂದು ಅಪ್ಪನ ಬಾಲಕ್ಕೆ ಕಚ್ಚುತ್ತದೆ. ನಿನ್ನಿ! ಕೆಂಪು ಕೂದಲು, ಮೊಂಡು ಮೂಗು, ಸಿಟ್ಟಿನಿಂದ ಉರಿಯುವ ಮುಖ. ಬಂತು ಮುಖ. ಅಪ್ಪ ನೀರಿಗೆ ಬೀಳುತ್ತಾನೆ. ನಿನ್ನಿ ಬಿದ್ದು ಬಿದ್ದು ನಗುತ್ತಾಳೆ.

ಒಳ್ಳೆಯ ಮಗು ಎಂದರೆ ಸದ್ದಿಲ್ಲದ ಮಗು ಎಂದು ಹೊಗಳುವ ರೂಢಿ ನಮ್ಮ ಮನೆಗಳಲ್ಲೂ ಇದೆ. ಹೊಗಳುವವರು ಈ ಕಥೆಯನ್ನು ಒಮ್ಮೆ ಓದಬೇಕು.

ಅದೇ ಸಂಕಲನದಲ್ಲಿ ಇನ್ನೊಂದು ಕಥೆ, ದೊಡ್ಡವರ ಭಯದ್ದು. ಫಿಲಿಜೊಂಕ್ ಎಂಬಾಕೆ ಸಮುದ್ರದ ಬದಿಯ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಮನೆ ತುಂಬ ಪಿಂಗಾಣಿ ಬೊಂಬೆ, ಬಟ್ಟಲು, ಫೋಟೋ. ಏನೋ ಅನಾಹುತ ಆಗುತ್ತದೆ ಎಂದು ದಿನವೂ ನಡುಗುತ್ತಾಳೆ. ಕೊನೆಗೆ ಅನಾಹುತ ಬಂದೇಬಿಡುತ್ತದೆ. ಬಿರುಗಾಳಿ ಮನೆ ಒಡೆಯುತ್ತದೆ, ಸುಂಟರಗಾಳಿ ಸಾಮಾನನ್ನೆಲ್ಲ ಎತ್ತಿಕೊಂಡು ಹೋಗುತ್ತದೆ. ಆಕೆ ನಗತೊಡಗುತ್ತಾಳೆ. ಇನ್ನು ಕಳೆದುಕೊಳ್ಳುವುದು ಏನಿದೆ?

ಈಗ ಗ್ರೋಕ್‌ಳ ಹತ್ತಿರ ಹಿಂದಿರುಗೋಣ. ಮೊದಲ ಸಲ ಬದಲಿ ಕೊಟ್ಟು ಕಳುಹಿಸಿದರು. ಚಳಿಗಾಲದ ಪುಸ್ತಕದಲ್ಲಿ ಅವಳಿಗೆ ಚಳಿ ಎಂದು ತಿಳಿಯಿತು. ಇನ್ನು 1965ರ ಪುಸ್ತಕ. ಅಪ್ಪನ ಮತ್ತು ಸಮುದ್ರದ ಕಥೆ ಅದು. ಮನೆಯಲ್ಲಿ ತನಗೇನೂ ಕೆಲಸವಿಲ್ಲ ಎಂದು ಬೇಸತ್ತ ಅಪ್ಪ ಸಂಸಾರವನ್ನು ಕಟ್ಟಿಕೊಂಡು ದೂರದ ಬರಡು ದ್ವೀಪದ ದೀಪಸ್ತಂಭಕ್ಕೆ ಹೋಗುತ್ತಾನೆ. ದೀಪ ಹೊತ್ತುವುದೇ ಇಲ್ಲ. ಎಲ್ಲರಿಗೂ ಧೈರ್ಯ ಹೇಳುತ್ತಿದ್ದ ಅಮ್ಮನಿಗೇ ಇಲ್ಲಿ ಮನೆಯ ಹಂಬಲ ಹತ್ತುತ್ತದೆ. ಗೋಡೆಯ ಮೇಲೆ ತನ್ನ ಹಳೆಯ ತೋಟವನ್ನು ಬರೆಯುತ್ತಾಳೆ. ಒಂದು ದಿನ ಆ ಚಿತ್ರದೊಳಗೇ ಹೊಕ್ಕು, ತಾನೇ ಬರೆದ ಮರದ ಹಿಂದೆ ಅಡಗಿ ಕೂರುತ್ತಾಳೆ. ಮಕ್ಕಳ ಪುಸ್ತಕದಲ್ಲಿ ತಾಯಿ ಹೀಗೆ ಮರೆಯಾಗಲು ಬಿಟ್ಟವರು ಕಡಿಮೆ.

ಗ್ರೋಕ್ ಅವರ ದೀಪದ ಬೆಳಕನ್ನು ಹಿಂಬಾಲಿಸಿ, ಸಮುದ್ರ ದಾಟಿ ಬಂದಿದ್ದಾಳೆ. ಅವಳು ಹೆಜ್ಜೆಯಿಟ್ಟಲ್ಲಿ ನೀರು ಮಂಜುಗಡ್ಡೆಯಾಗುತ್ತದೆ, ಅದರ ಮೇಲೇ ನಡೆದು ಬಂದಳು. ಮೂಮಿನ್ ಮರಿ ಯಾರಿಗೂ ಹೇಳದೆ ರಾತ್ರಿ ಲಾಂದ್ರ ಹಿಡಿದು ತೀರಕ್ಕೆ ಹೋಗತೊಡಗುತ್ತಾನೆ. ಅವಳು ದೀಪವನ್ನು ನೋಡುತ್ತ ಕೂರುತ್ತಾಳೆ. ಅವನು ಚಳಿಯಲ್ಲಿ ನಿಂತಿರುತ್ತಾನೆ. ಗೆಳೆತನ ಎನ್ನುವಂತಿಲ್ಲ. ಅವನಿಗೆ ಹೆದರಿಕೆ, ಬೇಸರ, ತಪ್ಪಿಸಿಕೊಳ್ಳುವ ಆಸೆ ಎಲ್ಲವೂ ಇದೆ. ಆದರೂ ಮರುದಿನ ಹೋಗುತ್ತಾನೆ. ಒಂದು ದಿನ ಸೀಮೆಎಣ್ಣೆ ಮುಗಿಯುತ್ತದೆ. ದೀಪವಿಲ್ಲದೆ ಬರಿಗೈಯಲ್ಲಿ ಹೋಗಿ ನಿಲ್ಲುತ್ತಾನೆ. ಗ್ರೋಕ್ ಅವನನ್ನು ಕಂಡು ಕುಣಿಯುತ್ತಾಳೆ. ಅವಳಿಗೆ ಬೇಕಾಗಿದ್ದದ್ದು ಇನ್ನು ದೀಪವಲ್ಲ. ಅವಳು ಹೋದ ಮೇಲೆ ಅವನು ಮರಳನ್ನು ಮುಟ್ಟಿ ನೋಡುತ್ತಾನೆ. ಹಿಮಗಟ್ಟಿಲ್ಲ.

1948ರಿಂದ 1965. ಒಬ್ಬ ಗುಮ್ಮಳಿಗೆ ಇಷ್ಟು ಸಿಗಲು 17 ವರ್ಷ ಹಿಡಿಯಿತು. ಇದನ್ನು ಲೇಖಕಿ ಮೊದಲೇ ಯೋಚಿಸಿರಲಾರರು. ಯೋಚಿಸಿದ್ದರೆ ಒಂದೇ ಪುಸ್ತಕದಲ್ಲಿ ಮುಗಿಸುತ್ತಿದ್ದರು. ಮರುವರ್ಷ, 1966ರಲ್ಲಿ, ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪದಕ ಅವರಿಗೆ ಬಂತು.

ಕೇಳುಗರೇ, ಕಥೆಯ ದ್ವೀಪವಾಯಿತು. ನಿಜವಾದ ದ್ವೀಪವೂ ಒಂದಿತ್ತು. ಹೆಸರು ಕ್ಲೂವ್‌ಹಾರುನ್. ಫಿನ್‌ಲ್ಯಾಂಡ್ ಕೊಲ್ಲಿಯ ಪೆಲ್ಲಿಂಗೆ ದ್ವೀಪಸಮೂಹದ ಹೊರಅಂಚು. ಮರವಿಲ್ಲ ಎನ್ನುವಷ್ಟು ಬರಡು ಬಂಡೆ. ಸುತ್ತಿ ಬರಲು ಕೆಲವೇ ನಿಮಿಷ ಸಾಕು. 50ರ ಆಸುಪಾಸಿನ ವಯಸ್ಸಿನಲ್ಲಿ ತೂವೆ ಮತ್ತು ತೂಲಿಕ್ಕಿ ಅಲ್ಲಿ ಗುಡಿಸಲು ಕಟ್ಟಲು ಹೊರಟರು. ಪರವಾನಗಿ ಬಂದಿರಲಿಲ್ಲ. ಮಾಡಿನ ತೊಲೆ ಕೂರಿಸಿದ ಮೇಲೆ ಕಟ್ಟಡ ಕೆಡವುವ ಹಾಗಿಲ್ಲ ಎಂಬ ಕಾನೂನಿದೆ ಎಂದು ಬ್ರುನ್‌ಸ್ಟ್ರೋಮ್ ಎಂಬ ಕಡಲಿಗ ಕಿವಿಯಲ್ಲಿ ಹೇಳಿದ. ಸರಿ, ಬಂಡೆ ಸಿಡಿಸಿ ಕೆಲಸ ಶುರು! ಒಂದೇ ಕೋಣೆ. ನಾಲ್ಕು ಗೋಡೆಗೆ ನಾಲ್ಕು ಕಿಟಕಿ, ಬಿರುಗಾಳಿ ಯಾವ ಕಡೆಯಿಂದ ಬಂದರೂ ಕಾಣಬೇಕು. ವಿದ್ಯುತ್ತಿಲ್ಲ, ನಲ್ಲಿಯಿಲ್ಲ. ಗುಡಿಸಲು ಮುಗಿದ ಮೇಲೂ ಅವರಿಬ್ಬರು ಮಲಗುತ್ತಿದ್ದದ್ದು ಪಕ್ಕದ ಡೇರೆಯಲ್ಲಿ. 30ಕ್ಕೆ ಹತ್ತಿರ ಬೇಸಿಗೆಗಳನ್ನು ಅಲ್ಲಿ ಕಳೆದರು.

1970ರಲ್ಲಿ ತಾಯಿ ತೀರಿಕೊಂಡರು. ಅದೇ ವರ್ಷ ಮೂಮಿನ್ ಕಾದಂಬರಿಗಳಲ್ಲಿ ಕೊನೆಯದು ಬಂತು, ನವೆಂಬರ್ ತಿಂಗಳ ಕಥೆ. ಅದರಲ್ಲಿ ಮೂಮಿನ್ ಸಂಸಾರವೇ ಇಲ್ಲ. ಯಾರ್ಯಾರೋ ಆ ಮನೆಗೆ ಬರುತ್ತಾರೆ, ಅಮ್ಮ ಇರುತ್ತಾಳೆ ಎಂದುಕೊಂಡು. ಇಲ್ಲ. ಕಾಯುತ್ತಾರೆ. ಆಮೇಲೆ ತೂವೆ ಮೂಮಿನ್ ಕಾದಂಬರಿ ಬರೆಯಲಿಲ್ಲ. ದೊಡ್ಡವರಿಗೆ ಬರೆದರು. 1972ರ ಬೇಸಿಗೆಯ ಪುಸ್ತಕದಲ್ಲಿ ಒಬ್ಬ ಅಜ್ಜಿ, ಒಬ್ಬ ಮೊಮ್ಮಗಳು, ಒಂದು ದ್ವೀಪ. ಹುಡುಗಿಯ ತಾಯಿ ಸತ್ತಿದ್ದಾಳೆ ಎನ್ನುವುದು ಒಂದು ವಾಕ್ಯದಲ್ಲಿ ಬಂದು ಹೋಗುತ್ತದೆ. ಉಳಿದ ಪುಸ್ತಕವೆಲ್ಲ ಆ ವಾಕ್ಯದ ಸುತ್ತ ಇದೆ. ಅಳುವಿಲ್ಲ. ಅಜ್ಜಿ ಮೊಮ್ಮಗಳು ಜಗಳವಾಡುತ್ತಾರೆ, ಸಿಗರೇಟು ಕದ್ದು ಸೇದುತ್ತಾಳೆ ಅಜ್ಜಿ, ಆಳದ ನೀರಿಗೆ ಹೆದರುತ್ತಾಳೆ ಹುಡುಗಿ.

ಕೊನೆಗೆ ಹೆದರಿಕೆ ಲೇಖಕಿಯನ್ನೂ ಹುಡುಕಿಕೊಂಡು ಬಂತು. 1990ರ ದಶಕದ ಆರಂಭ. ವಯಸ್ಸು 75 ದಾಟಿತ್ತು. ಬಲೆ ಎಳೆಯುವುದು ಕಷ್ಟ, ಮಾಡು ಹತ್ತುವುದು ಕಷ್ಟ. ಅದು ಇರಲಿ. ಒಂದು ಬೇಸಿಗೆ ಅವರಿಗೆ ಸಮುದ್ರದ ಭಯ ಹತ್ತಿತು. ದೊಡ್ಡ ಅಲೆ ಕಂಡರೆ ಸಾಹಸ ಎನಿಸುತ್ತಿದ್ದದ್ದು ಹೋಗಿ ದೋಣಿಯ ಚಿಂತೆ ಬಂತು. ಇದು ತಾನು ಮಾಡಿದ ದ್ರೋಹ ಎನಿಸಿತು ಅವರಿಗೆ. ಇಬ್ಬರೂ ದ್ವೀಪ ಬಿಟ್ಟು ಬಂದರು. 1996ರಲ್ಲಿ ದ್ವೀಪದ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಿದರು. ಮಾತು ತೂವೆ ಅವರದು, ಚಿತ್ರ ತೂಲಿಕ್ಕಿ ಅವರದು. ಸಮುದ್ರಕ್ಕೆ ಹೆದರಿದೆ ಎನ್ನುವುದನ್ನು ಅದರಲ್ಲಿ ನೇರವಾಗಿ ಬರೆದಿದ್ದಾರೆ. ಮಕ್ಕಳಿಗೆ ಬರೆದಾಗ ಇದ್ದ ನಿಯಮವನ್ನೇ ತಮಗೂ ಇಟ್ಟುಕೊಂಡರು.

ಲೋಕದ ಮಕ್ಕಳು ಅವರಿಗೆ ವರ್ಷಕ್ಕೆ ಸುಮಾರು 2 ಸಾವಿರ ಪತ್ರ ಬರೆಯುತ್ತಿದ್ದರಂತೆ. ಉತ್ತರಗಳನ್ನು ಅವರು ಕೈಯಿಂದಲೇ ಬರೆಯುತ್ತಿದ್ದರು. ಮೂಲ ಚಿತ್ರಗಳಲ್ಲಿ ಸುಮಾರು 2 ಸಾವಿರವನ್ನು ತಾಂಪೆರೆ ನಗರಕ್ಕೆ ಕೊಟ್ಟರು. ಅಲ್ಲಿ ಈಗ ಮೂಮಿನ್ ವಸ್ತುಸಂಗ್ರಹಾಲಯವಿದೆ. ಆಳೆತ್ತರವನ್ನೂ ಮೀರಿದ ಒಂದು ಮೂಮಿನ್ ಮನೆ ಅಲ್ಲುಂಟು, ತೂಲಿಕ್ಕಿ ಮತ್ತು ಗೆಳೆಯರು ಕೈಯಾರೆ ಮಾಡಿದ್ದು.

ಸಮಯ ಆಗುತ್ತ ಬಂತು. ಓದಬೇಕೆನಿಸಿದವರಿಗೆ ಎರಡು ಮಾತು. ಇಂಗ್ಲಿಷಿನಲ್ಲಿ ಈ ಪುಸ್ತಕಗಳು ಸುಲಭವಾಗಿ ಸಿಗುತ್ತವೆ. ಚಿಕ್ಕ ಮಕ್ಕಳಿದ್ದರೆ ಮಂತ್ರವಾದಿಯ ಟೋಪಿಯಿಂದ ಶುರು ಮಾಡಿ. ಚಳಿಗಾಲದ ಕಥೆ ಎಂಟು ಹತ್ತು ವರ್ಷದವರಿಗೆ. ಅಪ್ಪ ಮತ್ತು ಸಮುದ್ರದ ಪುಸ್ತಕವನ್ನು ಮಕ್ಕಳಿಗೆ ಕೊಡುವ ಮೊದಲು ಅಪ್ಪಂದಿರು ಓದಿಕೊಳ್ಳುವುದು ಒಳ್ಳೆಯದು. ನವೆಂಬರ್ ಕಥೆ ಕೊನೆಗಿರಲಿ. ನಿನ್ನಿಯ ಕಥೆ ಮಾತ್ರ ಗಟ್ಟಿಯಾಗಿ ಓದುವಂಥದ್ದು, ಕನ್ನಡದಲ್ಲಿ ಹೇಳಿಕೊಂಡು ಹೋದರೂ ಸೈ. ಹೇಳುವಾಗ ಕೈಯಲ್ಲಿ ಒಂದು ಗೆಜ್ಜೆ ಇಟ್ಟುಕೊಳ್ಳಿ. ಬಾಲ ಕಚ್ಚುವ ಜಾಗ ಬಂದಾಗ ಮಕ್ಕಳು ಮತ್ತೊಮ್ಮೆ ಹೇಳು ಎನ್ನುತ್ತಾರೆ. ಹೇಳಬೇಕಾಗುತ್ತದೆ.